ಚಾಲುಕ್ಯರು–ಪಲ್ಲವರು ನೂರು ವರ್ಷ ಕಾದಾಡಿದರಲ್ಲ, ಅದರಿಂದ ಇವತ್ತಿಗೆ ಉಳಿದಿದ್ದೇನು?

ಹಡಪ್ಸರ್ ಕನ್ನಡತಿ:

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆ ಕಡೆಯವಳು, ಮದುವೆಯಾದ ಮೇಲೆ ಪುಣೆಯಲ್ಲೇ ಇದ್ದೇನೆ. ಮೊನ್ನೆ ರಜೆಯಲ್ಲಿ ನಮ್ಮ ಸೊಸೈಟಿಯ ಕೆಲವರು ಸೇರಿ ವೇರೂಳಕ್ಕೆ, ಅಂದರೆ ಎಲ್ಲೋರಕ್ಕೆ ಹೋಗಿದ್ದೆವು. 16ನೇ ಗುಹೆಯ ಕೈಲಾಸ ದೇವಾಲಯದ ಮುಂದೆ ಗೈಡ್ ಒಂದು ಮಾತು ಹೇಳಿದರು. ಇದರ ನಕ್ಷೆ ಪಲ್ಲವರ ರಾಜಧಾನಿ ಕಂಚಿಯಿಂದ ಬಂದಿದ್ದಂತೆ. ಬಾದಾಮಿ ಚಾಲುಕ್ಯರು ಕಂಚಿ ಗೆದ್ದಾಗ ಅಲ್ಲಿನ ಶಿಲ್ಪಿಗಳನ್ನು ಹಿಡಿದು ತಂದರಂತೆ, ಅವರ ಮಕ್ಕಳು ಮೊಮ್ಮಕ್ಕಳೇ ಇದನ್ನು ಕೆತ್ತಿದ್ದಂತೆ.

ಜೊತೆಗಿದ್ದ ಮರಾಠಿ ಗೆಳತಿ "ನಿಮ್ಮ ಊರಿನ ರಾಜರು ಅಲ್ವಾ, ನೀನೇ ಹೇಳು, ನಿಜಾನಾ?" ಅಂತ ಕೇಳಿದಳು. ಶಾಲೆಯಲ್ಲಿ ಓದಿದ್ದು ಪುಲಿಕೇಶಿ ಹರ್ಷನನ್ನು ನರ್ಮದೆಯ ಹತ್ತಿರ ತಡೆದ ಅನ್ನೋದಷ್ಟೇ. ಪಲ್ಲವರ ಜೊತೆಗಿನ ಯುದ್ಧದ ಬಗ್ಗೆ ಎರಡು ಸಾಲು ಇತ್ತು, ಅಷ್ಟೇ. ಆಫೀಸಿನಲ್ಲಿ ಒಬ್ಬ ತಮಿಳು ಗೆಳೆಯರಿದ್ದಾರೆ, ಅವರಿಗೆ ಮಾತ್ರ ವಾತಾಪಿ (ಬಾದಾಮಿಯ ಹಳೆ ಹೆಸರು) ಅಂದರೆ ಸಾಕು, ಪಲ್ಲವ ರಾಜ ನರಸಿಂಹವರ್ಮ ಯಾವ ದಾರಿಯಲ್ಲಿ ಬಂದ ಅನ್ನೋದರಿಂದ ಶುರು ಮಾಡುತ್ತಾರೆ.

ಅದಕ್ಕೆ ಕೇಳ್ತಿದ್ದೇನೆ. ಇವರಿಬ್ಬರೂ ಯಾಕೆ ಅಷ್ಟು ವರ್ಷ ಹೊಡೆದಾಡಿದರು? ಕೊನೆಗೆ ಗೆದ್ದವರು ಯಾರು? ಗೈಡ್ ಹೇಳಿದ್ದು ಸರೀನಾ? ಯಾರು ದೊಡ್ಡವರು ಅನ್ನೋ ಜಗಳ ಬೇಡ, ದಯವಿಟ್ಟು. ಆ ಯುದ್ಧದಿಂದ ಇವತ್ತಿಗೂ ನಮ್ಮ ಕಣ್ಣಿಗೆ ಕಾಣೋ ಹಾಗೆ ಉಳಿದಿದ್ದು ಏನು, ಅದು ಬೇಕು.

ಮಲಪ್ರಭಾ ದಂಡೆ:

ಅಕ್ಕ, ಒಳ್ಳೆ ಪ್ರಶ್ನೆ ಕೇಳಿದ್ದೀರಿ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಜಗಳಕ್ಕೆ ಕಾರಣ ನೆಲ. ಬಾದಾಮಿಗೂ ಕಂಚಿಗೂ ನಡುವೆ ಇಬ್ಬರಿಗೂ ಬೇಕಾದ ಎರಡು ಸೀಮೆಗಳಿದ್ದವು. ಒಂದು ಕೃಷ್ಣಾ–ತುಂಗಭದ್ರೆಯ ನಡುವಿನ ರಾಯಚೂರು ಸೀಮೆ. ಇನ್ನೊಂದು ಪೂರ್ವದಲ್ಲಿ ಕೃಷ್ಣಾ, ಗೋದಾವರಿ ಸಮುದ್ರ ಸೇರುವ ಕಡೆಯ ವೆಂಗಿ. ವೆಂಗಿ ಅಂದರೆ ಭತ್ತ ಬೆಳೆಯುವ ನೆಲ, ಜೊತೆಗೆ ಸಮುದ್ರದ ವ್ಯಾಪಾರ. ಸುಮಾರು 610ರಲ್ಲಿ ಪುಲಿಕೇಶಿ ತನ್ನ ಚಿಕ್ಕಪ್ಪ ಮಂಗಳೇಶನ ಜೊತೆ ಕಾದಾಡಿ ಪಟ್ಟಕ್ಕೆ ಬಂದ. ವೆಂಗಿಯನ್ನು ಹಿಡಿದು ತಮ್ಮ ಕುಬ್ಜ ವಿಷ್ಣುವರ್ಧನನನ್ನು ಅಲ್ಲಿ ಕೂರಿಸಿದ. ಕಂಚಿಯ ಮಹೇಂದ್ರವರ್ಮನಿಗೆ ಇದು ಮನೆಬಾಗಿಲಿಗೇ ಬಂದ ಹಾಗೆ.

ಮುಂದಿನದನ್ನು ಎರಡೂ ಕಡೆಯವರು ತಮ್ಮ ತಮ್ಮ ಶಾಸನದಲ್ಲಿ ಬರೆದುಕೊಂಡಿದ್ದಾರೆ. ಇಬ್ಬರೂ ತಾವೇ ಗೆದ್ದೆವು ಅನ್ನುತ್ತಾರೆ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಹೇಳುತ್ತಾನೆ, ಪುಲಿಕೇಶಿಯ ಸೈನ್ಯ ಎಬ್ಬಿಸಿದ ಧೂಳಿಗೆ ಪಲ್ಲವ ರಾಜ ಮಸುಕಾಗಿ ಕಂಚಿಯ ಕೋಟೆಗೋಡೆಯ ಹಿಂದೆ ಅಡಗಿದ ಅಂತ. ಪಲ್ಲವರ ಶಾಸನ ತೆಗೆದರೆ ಮಹೇಂದ್ರವರ್ಮ ಪುಳ್ಳಲೂರಿನಲ್ಲಿ ವೈರಿಗಳನ್ನು ಹೊಡೆದ ಅಂತಿದೆ. ಪುಳ್ಳಲೂರು ಕಂಚಿಯ ಪಕ್ಕದಲ್ಲೇ ಇದೆ. ಅಂದರೆ ಚಾಲುಕ್ಯ ಸೈನ್ಯ ಅಲ್ಲಿಯವರೆಗೆ ಹೋಗಿತ್ತು ಅನ್ನೋದು ಎರಡೂ ಕಡೆಯಿಂದ ಖಚಿತ. ಊರು ಕೈಗೆ ಸಿಗಲಿಲ್ಲ ಅನ್ನೋದೂ ಖಚಿತ.

ಆಮೇಲೆ ಮಹೇಂದ್ರನ ಮಗ ನರಸಿಂಹವರ್ಮ ಬಂದ. ಮಣಿಮಂಗಲ, ಪರಿಯಳ, ಶೂರಮಾರ ಅಂತ ಮೂರು ಜಾಗದಲ್ಲಿ ಪುಲಿಕೇಶಿಯನ್ನು ಸೋಲಿಸಿದ. ಓಡುತ್ತಿದ್ದ ಪುಲಿಕೇಶಿಯ ಬೆನ್ನನ್ನೇ ಹಲಗೆ ಮಾಡಿಕೊಂಡು ಅದರ ಮೇಲೆ 'ವಿಜಯ' ಅಂತ ಬರೆದ ಎಂದು ಕೂರಂ ತಾಮ್ರಪಟ ಹೇಳುತ್ತದೆ. ಓದುವಾಗ ಈಗಲೂ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ, ನಮ್ಮ ಕಡೆಯವರಿಗಂತೂ. 642ರಲ್ಲಿ ಬಾದಾಮಿಯೇ ಹೋಯಿತು. ಪುಲಿಕೇಶಿ ಆ ಯುದ್ಧದಲ್ಲೇ ತೀರಿಕೊಂಡ ಅಂತ ಹೆಚ್ಚಿನ ಇತಿಹಾಸಕಾರರ ಅಭಿಪ್ರಾಯ. ನರಸಿಂಹವರ್ಮ 'ವಾತಾಪಿಕೊಂಡ', ಅಂದರೆ ವಾತಾಪಿ ಗೆದ್ದವನು ಅನ್ನೋ ಬಿರುದು ಇಟ್ಟುಕೊಂಡ. ಬಾದಾಮಿಯ ಬಂಡೆಯ ಮೇಲೆ ತನ್ನ 13ನೇ ಆಳ್ವಿಕೆಯ ವರ್ಷದ ಶಾಸನ ಕೆತ್ತಿಸಿದ. ಸವೆದುಹೋಗಿದೆ, ಆದರೆ ಇದೆ. ವೈರಿಯ ಶಾಸನ ಅಂತ ನಮ್ಮವರು ಅದನ್ನು ಪೂರ್ತಿ ಕೆತ್ತಿ ಹಾಕಲಿಲ್ಲ ಅನ್ನೋದನ್ನೂ ಗಮನಿಸಿ.

ಸುಮಾರು 13 ವರ್ಷ ರಾಜಧಾನಿ ಕೈಬಿಟ್ಟಿತ್ತು. 655ರ ಹೊತ್ತಿಗೆ ಪುಲಿಕೇಶಿಯ ಮಗ ಒಂದನೇ ವಿಕ್ರಮಾದಿತ್ಯ ಅದನ್ನು ವಾಪಸ್ ಪಡೆದ. 674ರಲ್ಲಿ ಅವನು ಕಾವೇರಿಯ ದಂಡೆಯ ಉರಗಪುರದಲ್ಲಿ ಬೀಡುಬಿಟ್ಟಿದ್ದ ಅಂತ ಗದ್ವಾಲ್ ತಾಮ್ರಪಟದಲ್ಲಿದೆ. ಪೆರುವಳನಲ್ಲೂರಿನಲ್ಲಿ ಅವನಿಗೂ ಸೋಲಾಯಿತು ಅಂತ ಪಲ್ಲವರು ಬರೆದಿದ್ದಾರೆ. ಹೀಗೆ ಹೋಗೋದು, ಬರೋದು.

ನನಗೆ ಬಹಳ ಮುಖ್ಯ ಅನ್ನಿಸೋದು ಇದಾದ ಮೇಲಿನ ಕಥೆ. ಎಂಟನೇ ಶತಮಾನದ ಶುರುವಿನಲ್ಲಿ ಪಲ್ಲವ ರಾಜಸಿಂಹ ಕಂಚಿಯಲ್ಲಿ ಕೈಲಾಸನಾಥ ದೇವಾಲಯ ಕಟ್ಟಿಸಿದ. ಆಗ ಅದರ ಹೆಸರು ರಾಜಸಿಂಹೇಶ್ವರ. ಸ್ವಲ್ಪ ವರ್ಷದ ಮೇಲೆ ಎರಡನೇ ವಿಕ್ರಮಾದಿತ್ಯ ಕಂಚಿಗೆ ನುಗ್ಗಿದ. ಆಳಿದ್ದು 733ರ ಸುಮಾರಿನಿಂದ 745ರ ಸುಮಾರಿನವರೆಗೆ. ತಾತನ ತಾತನ ರಾಜಧಾನಿಯನ್ನು ಹಾಳುಮಾಡಿದವರ ಊರು ಈಗ ಇವನ ಕೈಯಲ್ಲಿ. ಸುಟ್ಟು ಬೂದಿ ಮಾಡಿದ್ದರೆ ಆ ಕಾಲದಲ್ಲಿ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಅವನು ಊರನ್ನು ಮುಟ್ಟಲಿಲ್ಲ. ರಾಜಸಿಂಹೇಶ್ವರದ ಸೊತ್ತನ್ನು ನೋಡಿ ಅದನ್ನು ದೇವರಿಗೇ ಬಿಟ್ಟುಕೊಟ್ಟ. ಅದನ್ನು ಅದೇ ಗುಡಿಯ ಮಂಟಪದ ಕಂಬದ ಮೇಲೆ ಕನ್ನಡದಲ್ಲಿ ಬರೆಸಿದ. ಈ ಅಕ್ಷರಗಳನ್ನು ಅಳಿಸಿದವರು ಘಟಿಕೆಯ (ಕಂಚಿಯ ವಿದ್ಯಾಕೇಂದ್ರ) ಮಹಾಜನರನ್ನು ಕೊಂದವರು ಹೋಗುವ ಲೋಕಕ್ಕೆ ಹೋಗಲಿ ಅಂತ ಶಾಪವೂ ಇದೆ. ಶಾಪದಲ್ಲೂ ಅವನು ನೆನೆಸಿದ್ದು ಕಂಚಿಯ ವಿದ್ವಾಂಸರನ್ನು. ಆ ಕಂಬ ಇವತ್ತಿಗೂ ಕಂಚಿಯಲ್ಲಿದೆ. ಗೆದ್ದ ವೈರಿಯ ಭಾಷೆಯ ಶಾಸನವನ್ನು ಅಲ್ಲಿನವರೂ ಕಾಪಾಡಿಕೊಂಡು ಬಂದಿದ್ದಾರೆ.

ಪುಣೆಯವರಿಗೆ ಇನ್ನೊಂದು ವಿಷಯ. ಈ ಸಂಗತಿಯನ್ನು ವಿವರವಾಗಿ ಹೇಳುವ ಶಾಸನ ಸಿಕ್ಕಿದ್ದು ನಿಮ್ಮ ಜಿಲ್ಲೆಯಲ್ಲೇ. ಶಿರೂರು ತಾಲೂಕಿನ ಕೇಂದೂರು ಅನ್ನೋ ಹಳ್ಳಿಯಲ್ಲಿ. ವಿಕ್ರಮಾದಿತ್ಯನ ಮಗ ಎರಡನೇ ಕೀರ್ತಿವರ್ಮ ಕೊಟ್ಟ ತಾಮ್ರಪಟ, ಶಕ 672, ಅಂದರೆ 750.

ವಿಕ್ರಮಾದಿತ್ಯ ಕಂಚಿಯನ್ನು ಮೂರು ಸಲ ಗೆದ್ದ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಲೋಕೇಶ್ವರ ಕಟ್ಟಿಸಿದಳು. ಈಗ ನಾವು ವಿರೂಪಾಕ್ಷ ಅನ್ನುತ್ತೇವೆ. ಅವಳ ತಂಗಿ ತ್ರೈಲೋಕ್ಯಮಹಾದೇವಿಯೂ ಅವನ ರಾಣಿಯೇ. ಪಕ್ಕದ ಮಲ್ಲಿಕಾರ್ಜುನ ಅವಳದ್ದು. 753ರ ಹೊತ್ತಿಗೆ ರಾಷ್ಟ್ರಕೂಟ ದಂತಿದುರ್ಗ ಚಾಲುಕ್ಯರನ್ನು ಮುಗಿಸಿದ. ಅವನ ಚಿಕ್ಕಪ್ಪ ಒಂದನೇ ಕೃಷ್ಣ ವೇರೂಳದಲ್ಲಿ ಕೈಲಾಸ ಕೆತ್ತಿಸಿದ. ಕಂಚಿ, ಪಟ್ಟದಕಲ್ಲು, ವೇರೂಳ. ನೀವು ನೋಡಿದ್ದು ಮೂರನೆಯದನ್ನು.

ಗೆದ್ದವರು ಯಾರು ಅಂದಿರಿ. ನನ್ನ ಪ್ರಕಾರ ಇಬ್ಬರೂ ಗೆಲ್ಲಲಿಲ್ಲ. ನೂರು ವರ್ಷ ಇಬ್ಬರ ಖಜಾನೆಯೂ ಅಲ್ಲಿಗೇ ಸುರಿಯಿತು. ದಕ್ಷಿಣದ ಕಡೆ ಮುಖ ಮಾಡಿದ್ದ ಚಾಲುಕ್ಯರ ಬೆನ್ನ ಹಿಂದೆ ರಾಷ್ಟ್ರಕೂಟರು ಬೆಳೆದರು. ಪಲ್ಲವರನ್ನು ಒಂಬತ್ತನೇ ಶತಮಾನದ ಕೊನೆಗೆ ಅವರ ಅಧೀನದಲ್ಲಿದ್ದ ಚೋಳರೇ ಮುಗಿಸಿದರು.

ಕಲ್ಲು-ಉಳಿ:

ಮೇಲಿನವರು ಚೆನ್ನಾಗಿ ಬರೆದಿದ್ದಾರೆ. ಆದರೆ ಗೈಡ್ ಹೇಳಿದ "ಶಿಲ್ಪಿಗಳನ್ನು ಹಿಡಿದು ತಂದರು" ಅನ್ನೋದನ್ನು ಅವರು ಹಾಗೇ ಬಿಟ್ಟರು. ಅದನ್ನು ಹೇಳುವ ಶಾಸನ ಇಲ್ಲ. ನಾನು ಪುಣೆಯಲ್ಲಿ ಆರ್ಕಿಟೆಕ್ಟ್, ಈ ಮೂರೂ ಗುಡಿಗಳನ್ನು ನೋಡಿದ್ದೇನೆ. ಈ ಮಾತು ಕೇಳಿದಾಗಲೆಲ್ಲ ಬೇಸರ ಆಗುತ್ತದೆ. ನಮ್ಮ ಕಲ್ಲುಕುಟಿಗರಿಗೆ ಏನೂ ಗೊತ್ತಿರಲಿಲ್ಲ, ಯುದ್ಧದ ಲೂಟಿಯಲ್ಲಿ ವಿದ್ಯೆ ಬಂತು ಅಂದ ಹಾಗೆ ಆಗುತ್ತದೆ ಅಲ್ವಾ?

ಬಾದಾಮಿಯ ಮಾಲೆಗಿತ್ತಿ ಶಿವಾಲಯ ನೋಡಿ. ಏಳನೇ ಶತಮಾನದ್ದು. ಬಂಡೆಯ ತುದಿಯಲ್ಲಿ ಪುಟ್ಟದಾಗಿ ನಿಂತಿದೆ. ಮೇಲಿನ ವಿಮಾನ, ಅಂದರೆ ಗರ್ಭಗುಡಿಯ ಮೇಲಿನ ಶಿಖರ, ಪೂರ್ತಿ ದ್ರಾವಿಡ. ಕಂಚಿಯ ಕೈಲಾಸನಾಥ ಹುಟ್ಟುವ ಮೊದಲೇ ಇದು ಇತ್ತು. ಪಟ್ಟದಕಲ್ಲಿನಲ್ಲೇ ಸಂಗಮೇಶ್ವರ ಇದೆ, ವಿಕ್ರಮಾದಿತ್ಯನ ಅಪ್ಪ ವಿಜಯಾದಿತ್ಯ ಕಟ್ಟಿಸಿದ್ದು, ಅದೂ ಇದೇ ಜಾತಿಯ ವಿಮಾನ. ಹಾಗಾಗಿ ಈ ಶೈಲಿ ಕಂಚಿಯ ಕೊಳ್ಳೆ ಅಲ್ಲ. ನಮ್ಮಲ್ಲಿ ಮೊದಲೇ ಇತ್ತು.

ಹಾಗಾದರೆ ಕಂಚಿಯಿಂದ ಬಂದಿದ್ದೇನು? ಒಂದು ಗುಡಿಯ ಸುತ್ತ ಇಡೀ ಆವರಣವನ್ನು ಒಟ್ಟಾಗಿ ಯೋಚಿಸುವ ರೀತಿ. ಕಂಚಿಯಲ್ಲಿ ಪ್ರಾಕಾರದ ಗೋಡೆಗೆ ಒಳಗಿನಿಂದ ಸಾಲಾಗಿ 58 ಪುಟ್ಟ ಗುಡಿಗಳಿವೆ. ಒಳಗೆ ಕಾಲಿಟ್ಟ ಕೂಡಲೇ ಎಲ್ಲ ಕಡೆಯಿಂದ ದೇವರು ನೋಡುತ್ತಿರುವ ಹಾಗೆ ಅನ್ನಿಸುತ್ತದೆ. ವಿರೂಪಾಕ್ಷದಲ್ಲೂ ಗೋಡೆಗೆ ಒತ್ತಿಕೊಂಡು ಪುಟ್ಟ ಗುಡಿಗಳಿದ್ದವು, ಕೆಲವು ಉಳಿದಿವೆ. ಮುಂದೆ ಬಾಗಿಲು, ಆಮೇಲೆ ಬೇರೆಯಾಗಿ ನಂದಿ ಮಂಟಪ, ಆಮೇಲೆ ಮೂರು ಕಡೆ ಮುಖಮಂಟಪ ಇರುವ ಸಭಾಮಂಟಪ, ಕೊನೆಗೆ ವಿಮಾನ. ವಿಮಾನದ ಮುಂದೆ ಚಾಚಿಕೊಂಡಿರುವ ಶುಕನಾಸಿ ನೋಡಿ, ಅದು ಕಂಚಿಯಲ್ಲಿ ಇಲ್ಲ. ಅದು ನಮ್ಮ ಕಡೆಯವರ ಕೈಕೆಲಸ. ಕಟ್ಟಿದವನ ಹೆಸರೂ ಪೂರ್ವದ ಬಾಗಿಲಿನ ಶಾಸನದಲ್ಲಿ ಇದೆ, ಗುಂಡ, 'ತ್ರಿಭುವನಾಚಾರಿ' ಅನ್ನೋ ಬಿರುದು ಪಡೆದವನು. ಇನ್ನೊಬ್ಬ ಸರ್ವಸಿದ್ಧಿ ಆಚಾರಿ, ಅವನನ್ನು ತೆಂಕಣ ದಿಶೆಯ ಸೂತ್ರಧಾರಿ (ದಕ್ಷಿಣ ದಿಕ್ಕಿನ ಮುಖ್ಯ ಶಿಲ್ಪಿ) ಅಂತ ಕರೆದಿದೆ. ಕಂಚಿಯಿಂದ ಬಂದವನು ಅನ್ನೋ ವಾದ ಹುಟ್ಟಿದ್ದು ಇದರಿಂದ. ಒಬ್ಬ ಸೂತ್ರಧಾರಿ ದಕ್ಷಿಣದಿಂದ ಬಂದಿರಬಹುದು. ಆದರೆ ಬಂದಿದ್ದರೆ ಅವನು ಸೆರೆಯಾಳಲ್ಲ. ಬಿರುದು ಕೊಟ್ಟು, ಹೆಸರು ಕಲ್ಲಿನ ಮೇಲೆ ಕೆತ್ತಿಸಿ ಗೌರವಿಸಿದ್ದಾರೆ. ಸೆರೆಯಾಳಿಗೆ ಹೀಗೆ ಮಾಡುತ್ತಾರಾ?

ವೇರೂಳದಲ್ಲಿ ವಿರೂಪಾಕ್ಷದ ಇದೇ ಜೋಡಣೆಯನ್ನು ಬಂಡೆಯಲ್ಲಿ ಮೇಲಿನಿಂದ ಕೆಳಕ್ಕೆ ಕೆತ್ತಿದ್ದಾರೆ. ಬಾಗಿಲು, ನಂದಿ ಮಂಟಪ, ಮೂರು ಮುಖಮಂಟಪ, ವಿಮಾನ, ಎಲ್ಲ ಅದೇ ಕ್ರಮ. ವಿರೂಪಾಕ್ಷ ಪೂರ್ವಕ್ಕೆ ಮುಖ ಮಾಡಿದೆ, ಇದು ಪಶ್ಚಿಮಕ್ಕೆ. ಅಲ್ಲಿ ಉಳಿಗೆ ಒಗ್ಗುವ ಮರಳುಗಲ್ಲು, ಇಲ್ಲಿ ಗಟ್ಟಿ ಕರಿಕಲ್ಲು, ನಮ್ಮ ಸಹ್ಯಾದ್ರಿಯ ಕೋಟೆಗಳದ್ದೇ ಕಲ್ಲು. ಕಲ್ಲು ಬದಲಾದಾಗ ಕೆಲಸ ಮಾಡುವ ವಿಧಾನವೇ ಬದಲಾಗುತ್ತದೆ. ತಪ್ಪಿದರೆ ಇನ್ನೊಂದು ಕಲ್ಲು ತಂದು ಇಡೋಕೆ ಆಗಲ್ಲ. ಆಮೇಲೆ ರಾಷ್ಟ್ರಕೂಟ ಕರ್ಕರಾಜನ ಬರೋಡಾ ತಾಮ್ರಪಟದಲ್ಲಿ ಇದರ ವರ್ಣನೆ ಇದೆ, ಕಟ್ಟಿದ ಶಿಲ್ಪಿಯೇ "ಇದನ್ನು ನಾನು ಹೇಗೆ ಮಾಡಿದೆ?" ಅಂತ ಬೆರಗಾದ ಎಂದು.

ಪುಣೆ ಬಿಟ್ಟು ಹೋಗದೆ ಇದೇ ಕಾಲದ ಕೆಲಸ ನೋಡಬೇಕು ಅಂದರೆ ಜಂಗಲಿ ಮಹಾರಾಜ್ ರಸ್ತೆಯ ಪಾತಾಳೇಶ್ವರಕ್ಕೆ ಹೋಗಿ. ಎಂಟನೇ ಶತಮಾನದ ರಾಷ್ಟ್ರಕೂಟರ ಕಾಲದ್ದು. ಮುಂದಿನ ನಂದಿ ಮಂಟಪ ದುಂಡಗೆ ಇದೆ. ಹೊರಗೆ ಬಸ್ಸು ರಿಕ್ಷಾ ಗಲಾಟೆ, ಒಳಗೆ ಇಳಿದರೆ ಅದೇ ಕರಿಕಲ್ಲು.

ಮಾಂಡವಿ ತೀರ:

ಗೋವಾದಿಂದ ಬರೆಯುತ್ತಿದ್ದೇನೆ. ಎಲ್ಲರೂ ಬಾದಾಮಿ, ಕಂಚಿ ಅನ್ನುತ್ತೀರಿ. ಆ 13 ವರ್ಷ ಬಾದಾಮಿ ಹೋದಾಗ ಚಾಲುಕ್ಯರ ಮನೆತನ ಎಲ್ಲಿ ಉಸಿರು ಹಿಡಿದುಕೊಂಡಿತ್ತು ಅಂತ ಯಾರೂ ಕೇಳಲ್ಲ. ಅದರ ಸುಳಿವು ಕೊಂಕಣದಲ್ಲಿದೆ.

ಗೋವಾ ಗಡಿ ದಾಟಿದ ಕೂಡಲೇ ಸಿಗುವ ರೇಡಿ ಆಗಿನ ರೇವತೀದ್ವೀಪ. ಅದನ್ನು ಗೆದ್ದವನು ಮಂಗಳೇಶ. ಅಲ್ಲಿ ಚಾಲುಕ್ಯರ ಅಧಿಕಾರಿ ಇದ್ದ ಅನ್ನೋದಕ್ಕೆ ಶಕ 532ರ ತಾಮ್ರಪಟ ಇದೆ. ಸ್ವಲ್ಪ ಉತ್ತರಕ್ಕೆ ಕುಡಾಳದ ಹತ್ತಿರ ನೇರೂರು, ವೆಂಗುರ್ಲಾ ಕಡೆ ಕೋಚರೆ. ಈ ಎರಡೂ ಊರಿನಲ್ಲಿ ಸಿಕ್ಕ ದಾನಶಾಸನಗಳು ಒಬ್ಬ ಹೆಂಗಸಿನವು. ವಿಜಯಭಟ್ಟಾರಿಕೆ, ಪುಲಿಕೇಶಿಯ ಸೊಸೆ, ಒಂದನೇ ವಿಕ್ರಮಾದಿತ್ಯನ ಅಣ್ಣ ಚಂದ್ರಾದಿತ್ಯನ ರಾಣಿ. 650ರ ದಶಕದವು ಅಂತ ವಿದ್ವಾಂಸರು ಹೇಳುತ್ತಾರೆ. ಮನೆಯ ಗಂಡಸರು ತಮ್ಮತಮ್ಮಲ್ಲೇ ಪಟ್ಟಕ್ಕಾಗಿ ಹೋರಾಡುತ್ತಿದ್ದ, ರಾಜಧಾನಿ ಇನ್ನೂ ಸುಧಾರಿಸಿಕೊಳ್ಳುತ್ತಿದ್ದ ಹೊತ್ತಿನಲ್ಲಿ ಇವಳು ಇಲ್ಲಿ ಭೂಮಿ ದಾನ ಕೊಡುತ್ತಿದ್ದಾಳೆ, ಅಧಿಕಾರ ನಡೆಸುತ್ತಿದ್ದಾಳೆ.

ಕರ್ಣಾಟದ ಸರಸ್ವತಿ ಅಂತ ಕವಿ ರಾಜಶೇಖರ ಹೊಗಳಿದ ಸಂಸ್ಕೃತ ಕವಯಿತ್ರಿ ವಿಜಯಾಂಕಾ ಇವಳೇ ಅಂತ ಅನೇಕರು ಹೇಳುತ್ತಾರೆ. ಶಾಸನಗಳಲ್ಲಿ ಕವಿತೆಯ ಮಾತಿಲ್ಲ. ಆದರೂ ಯುದ್ಧದ ಕಥೆಯಲ್ಲಿ ಇವಳಿಗೆ ಒಂದು ಸಾಲಾದರೂ ಬೇಕು. ಪಟ್ಟದಕಲ್ಲಿನ ಅಕ್ಕತಂಗಿಯರನ್ನೂ ಸೇರಿಸಿದರೆ ಈ ಯುದ್ಧದ ಉಳಿಕೆಯಲ್ಲಿ ದೊಡ್ಡ ಭಾಗ ರಾಣಿಯರ ಕೈಯಿಂದ ಬಂದಿದ್ದು.

ಮಾಟುಂಗಾ ಕನ್ನಡಿಗ:

ಮುಂಬೈಯವರ ಪಾಲೂ ಇದೆ. ಐಹೊಳೆ ಶಾಸನದಲ್ಲಿ ಪುಲಿಕೇಶಿ ಕೊಂಕಣದ ಮೌರ್ಯರ ಪುರಿಯನ್ನು ಹಡಗುಗಳಿಂದ ಮುತ್ತಿದ ಅಂತಿದೆ. ಪಶ್ಚಿಮ ಸಮುದ್ರದ ಲಕ್ಷ್ಮಿ ಅಂತ ಆ ಊರನ್ನು ಕರೆದಿದ್ದಾರೆ. ನಮ್ಮ ಘಾರಾಪುರಿಯೇ (ಎಲಿಫೆಂಟಾ) ಅದು ಅಂತ ಕೆಲವರು, ಜಂಜೀರಾ ಹತ್ತಿರದ ರಾಜಪುರಿ ಅಂತ ಕೆಲವರು. ಸಮುದ್ರದ ಈ ಬಲ ಇದ್ದಿದ್ದರಿಂದಲೇ ಅವನು ಆಮೇಲೆ ಪೂರ್ವಕ್ಕೂ ದಕ್ಷಿಣಕ್ಕೂ ಕೈ ಚಾಚಿದ ಅಂತ ನನ್ನ ಲೆಕ್ಕ.

ಉಳಿದಿದ್ದು ಏನು ಅಂದಿರಲ್ಲ, ನನಗೆ ಗುಡಿಗಿಂತ ದೊಡ್ಡದಾಗಿ ಕಾಣೋದು ವೆಂಗಿ. ಪುಲಿಕೇಶಿ ತಮ್ಮನನ್ನು ಕೂರಿಸಿ ಬಂದ ಆ ಗದ್ದುಗೆ ಬಾದಾಮಿ ಮುಳುಗಿದ ಮೇಲೂ ಮುಂದುವರಿಯಿತು. ಪೂರ್ವ ಚಾಲುಕ್ಯರು ನಾನ್ನೂರು ವರ್ಷಕ್ಕೂ ಜಾಸ್ತಿ ಆಳಿದರು. ತೆಲುಗಿನವರೇ ಆಗಿಹೋದರು. ತೆಲುಗಿನ ಆದಿಕವಿ ನನ್ನಯನಿಗೆ ಆಶ್ರಯ ಕೊಟ್ಟ ರಾಜರಾಜ ನರೇಂದ್ರ ಇದೇ ಮನೆತನದವನು. ಅವನು ರಾಜೇಂದ್ರ ಚೋಳನ ಮಗಳನ್ನು ಮದುವೆಯಾದ. ಅವರ ಮಗ 1070ರಲ್ಲಿ ಚೋಳರ ಸಿಂಹಾಸನಕ್ಕೇ ಏರಿ ಒಂದನೇ ಕುಲೋತ್ತುಂಗ ಆದ. ಆ ಹೊತ್ತಿಗೆ ಕಲ್ಯಾಣದಲ್ಲಿ, ಅಂದರೆ ಈಗಿನ ಬಸವಕಲ್ಯಾಣದಲ್ಲಿ ಇದ್ದದ್ದೂ ಚಾಲುಕ್ಯರೇ. ಆರನೇ ವಿಕ್ರಮಾದಿತ್ಯನೂ ಕುಲೋತ್ತುಂಗನೂ ಮತ್ತೆ ವೆಂಗಿಗಾಗಿಯೇ ಹೊಡೆದಾಡಿದರು. ರಾಜರು ಬದಲಾದರು, ವಂಶ ಬದಲಾಯಿತು, ನೆಲದ ಜಗಳ ಅದೇ. ರಾಯಚೂರು ಸೀಮೆಗಾಗಿ ವಿಜಯನಗರ ಮತ್ತು ಬಹಮನಿಗಳು ಕಾದಾಡಿದ್ದೂ ನಿಮಗೆ ಗೊತ್ತು.

ಇನ್ನೊಂದು ವಾತಾಪಿ ಗಣಪತಿ. ಮಾಟುಂಗಾದ ಕಛೇರಿಗಳಲ್ಲಿ ಹಂಸಧ್ವನಿ ಶುರುವಾದರೆ ನನ್ನ ಪಕ್ಕದ ತಮಿಳು ಮಾಮಿ ಕೈಯಲ್ಲೇ ತಾಳ ಹಾಕುತ್ತಾರೆ, ನಾನೂ ಹಾಕುತ್ತೇನೆ. ಮುತ್ತುಸ್ವಾಮಿ ದೀಕ್ಷಿತರ ಕೃತಿ. ನರಸಿಂಹವರ್ಮನ ದಂಡನಾಯಕ ಪರಂಜ್ಯೋತಿ ಬಾದಾಮಿಯಿಂದ ಗಣಪತಿಯನ್ನು ತಿರುಚ್ಚೆಂಗಾಟ್ಟಂಗುಡಿಗೆ ತಂದ ಅನ್ನೋದು ಆ ಊರಿನ ನಂಬಿಕೆ. ಪರಂಜ್ಯೋತಿ ವಾತಾಪಿಗೆ ಹೋಗಿ ಆನೆ, ರತ್ನ ತಂದ ಅಂತ ಪೆರಿಯ ಪುರಾಣದಲ್ಲಿದೆ, ಗಣಪತಿಯ ಮಾತು ಅಲ್ಲಿಲ್ಲ. ಹಾಗಾಗಿ ಇತಿಹಾಸ ಅಂತ ಗಟ್ಟಿಯಾಗಿ ಹೇಳೋಕೆ ಆಗಲ್ಲ. ಆದರೆ ಬಾದಾಮಿಯನ್ನು ನೋಡದ ಎಷ್ಟೋ ಜನರ ಬಾಯಲ್ಲಿ ಬಾದಾಮಿಯ ಹಳೆ ಹೆಸರು ದಿನಾ ಬರುತ್ತದೆ. ಸೋತ ಊರಿನ ಹೆಸರನ್ನು ಗೆದ್ದ ನಾಡಿನವರು ಇಷ್ಟು ಭಕ್ತಿಯಿಂದ ಹಾಡೋದು ನನಗೆ ಸಣ್ಣ ವಿಷಯ ಅನ್ನಿಸಲ್ಲ.

ಹಡಪ್ಸರ್ ಕನ್ನಡತಿ:

ಎಲ್ಲರಿಗೂ ಧನ್ಯವಾದ. ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ಒಂದು ಅನುಮಾನ. ಎರಡನೇ ವಿಕ್ರಮಾದಿತ್ಯ ಕಂಚಿಯಲ್ಲಿ ಲೂಟಿಯನ್ನೇ ಮಾಡಲಿಲ್ಲ ಅಂತ ಹೇಳಬಹುದಾ? ಗೆಳತಿಗೆ ಹೇಳುವಾಗ ಸರಿಯಾಗಿ ಹೇಳಬೇಕು. ಮತ್ತೆ, ದಸರಾ ರಜೆಗೆ ಊರಿಗೆ ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗಿ ತೋರಿಸಬೇಕು. ಯಾವ ಕ್ರಮದಲ್ಲಿ ನೋಡೋದು?

ಮಲಪ್ರಭಾ ದಂಡೆ:

ಹಾಗೆ ಹೇಳಬೇಡಿ ಅಕ್ಕ. ಕೇಂದೂರಿನ ತಾಮ್ರಪಟದಲ್ಲೇ ಪಟ್ಟಿ ಇದೆ. ಯುದ್ಧದಲ್ಲಿ ಪಲ್ಲವ ರಾಜ ನಂದಿಪೋತವರ್ಮನನ್ನು ಸೋಲಿಸಿ ಸಮುದ್ರಘೋಷ ಅನ್ನೋ ವಾದ್ಯ, ಖಟ್ವಾಂಗ ಧ್ವಜ, ಆನೆಗಳು, ಮಾಣಿಕ್ಯದ ರಾಶಿ ಇದನ್ನೆಲ್ಲ ತೆಗೆದುಕೊಂಡ ಅಂತ ಹೆಮ್ಮೆಯಿಂದಲೇ ಬರೆದಿದ್ದಾರೆ. ರಣರಂಗದಲ್ಲಿ ಸಿಕ್ಕಿದ್ದನ್ನು ಬಿಡಲಿಲ್ಲ. ಊರನ್ನು ಹಾಳು ಮಾಡಲಿಲ್ಲ, ಗುಡಿಯ ಹೊನ್ನನ್ನು ಮುಟ್ಟಲಿಲ್ಲ. ಇಷ್ಟು ಹೇಳಿದರೆ ಸರಿ. ಸತ್ತ ಸೈನಿಕರ ಲೆಕ್ಕ ಎರಡೂ ಕಡೆಯ ಶಾಸನದಲ್ಲಿ ಇಲ್ಲ, ಅದನ್ನೂ ಹೇಳಿ. ತಾಮ್ರಪಟದ ಪಠ್ಯ ಎಪಿಗ್ರಾಫಿಯಾ ಇಂಡಿಕಾದಲ್ಲಿ ಅಚ್ಚಾಗಿದೆ.

ಕಲ್ಲು-ಉಳಿಯವರು ಶಿಲ್ಪಿಗಳ ಬಗ್ಗೆ ಹೇಳಿದ್ದನ್ನು ನಾನೂ ಒಪ್ಪುತ್ತೇನೆ. ಮಾಲೆಗಿತ್ತಿ ನೋಡಿದವರು ಬೇರೆ ಮಾತಾಡಲ್ಲ.

ಪುಣೆಯಿಂದ ಸೊಲ್ಲಾಪುರ, ವಿಜಯಪುರ, ಬಾಗಲಕೋಟೆ, ಬಾದಾಮಿ. ರೈಲೂ ಇದೇ ದಾರಿ, ಸೊಲ್ಲಾಪುರ–ಗದಗ ಮಾರ್ಗದಲ್ಲೇ ಬಾದಾಮಿ ಸ್ಟೇಷನ್ ಬರುತ್ತದೆ. ಮೊದಲು ಐಹೊಳೆಯ ಮೇಗುತಿ ಗುಡಿ, ರವಿಕೀರ್ತಿಯ ಶಾಸನ ಅದರ ಗೋಡೆಯಲ್ಲಿದೆ. ಆಮೇಲೆ ಬಾದಾಮಿಯಲ್ಲಿ ಮಾಲೆಗಿತ್ತಿ, ನರಸಿಂಹವರ್ಮನ ಬಂಡೆಶಾಸನ. ಅದಕ್ಕೆ ಅಲ್ಲಿನ ಮ್ಯೂಸಿಯಂನಲ್ಲಿ ದಾರಿ ಕೇಳಿಕೊಳ್ಳಿ, ಸುಮ್ನೆ ಹುಡುಕಿದರೆ ಸಿಗಲ್ಲ. ಪಟ್ಟದಕಲ್ಲಿಗೆ ಬೆಳಿಗ್ಗೆಯೇ ಹೋಗಿ, ವಿರೂಪಾಕ್ಷ ಪೂರ್ವಮುಖ ಆದ್ದರಿಂದ ಆಗ ಬೆಳಕು ಚೆನ್ನಾಗಿ ಬೀಳುತ್ತದೆ. ಪೂರ್ವದ ಬಾಗಿಲಿನಲ್ಲಿ ಗುಂಡನ ಶಾಸನ ಇದೆ, ಹಳೆಗನ್ನಡ. ಗೆಳತಿಗೆ ಓದಿ ತೋರಿಸೋಕೆ ಕಷ್ಟ, ಮೊದಲೇ ಪಠ್ಯ ಮೊಬೈಲಿನಲ್ಲಿ ಇಟ್ಟುಕೊಂಡಿರಿ. ಬೇಕಿದ್ದರೆ ಇಲ್ಲೇ ಕೇಳಿ, ನಾನು ಹಾಕುತ್ತೇನೆ.